ಟ್ಯಾಂಗೋ ಹಾಡು, ಬೋಸಾ ಗಿಟಾರು

ಅರ್ಜೆಂಟೀನಾದ ಟ್ಯಾಂಗೋ ಗಾಯಕ ಕಾರ್ಲೋಸ್ ಗಾರ್ಡೆಲ್ 1935ರಲ್ಲಿ ಹಾಡಿದ ‘ಪೋರ್ ಉನಾ ಕಬೇಸಾ’ದಂಥ ಹಳೆಯ ಟ್ಯಾಂಗೋವನ್ನು ಬ್ರೆಜಿಲ್‌ನ ಬೋಸಾ ನೋವಾ ಧಾಟಿಗೆ ತರಬೇಕೆಂದರೆ ಡ್ರಮ್ಸ್ ಸೇರಿಸಬೇಕೆನ್ನಿಸುತ್ತದೆ. ಹಾಡು ಕೆಡುವುದು ಅಲ್ಲೇ. ಈ ಬೆಸುಗೆಯಲ್ಲಿ ಸೇರಿಸಬೇಕಾದ್ದು ಕಡಿಮೆ, ಬಿಡಬೇಕಾದ್ದೇ ಹೆಚ್ಚು.

ಕೊರಟಗೆರೆ ಸುತ್ತಿನ ಹಳ್ಳಿಗಳಲ್ಲಿ ರಾತ್ರಿಯಿಡೀ ‘ಕುರುಕ್ಷೇತ್ರ’ ನಾಟಕ ನೋಡಿದವರಿಗೆ, ಹಿನ್ನೆಲೆ ವಾದ್ಯ ಬದಲಾದರೆ ಹಾಡೇ ಬದಲಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹಾರ್ಮೋನಿಯಂ ಮೇಷ್ಟ್ರು ಮಟ್ಟು ಬದಲಿಸಿದರೆ ಅದೇ ಪದ್ಯಕ್ಕೆ ಬೇರೆ ಜೀವ ಬರುತ್ತದೆ. ತಿದಿ ಒತ್ತಿ ಜೋರು ಕೊಟ್ಟರೆ ದುರ್ಯೋಧನನ ದನಿಯೂ ಏರುತ್ತದೆ. ಟ್ಯಾಂಗೋದಲ್ಲಿ ಆ ಮೇಷ್ಟ್ರ ಜಾಗ ಬ್ಯಾಂಡೋನಿಯನ್ ಎಂಬ ತಿದಿವಾದ್ಯದ್ದು. ಗಾಳಿಗೆ ಲೋಹದ ರೀಡು ಮಿಡಿಯುವ ದಾಯಾದಿಗಳು ಬ್ಯಾಂಡೋನಿಯನ್, ಹಾರ್ಮೋನಿಯಂ ಎರಡೂ. ಮೊದಲನೆಯದು ಜರ್ಮನಿಯಲ್ಲಿ ಹುಟ್ಟಿ ಬ್ಯೂನಸ್ ಐರಿಸ್ ಸೇರಿತು. ಎರಡನೆಯದು 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದು, ಕಲ್ಕತ್ತೆಯಲ್ಲಿ ಕೈಪೆಟ್ಟಿಗೆಯಾಗಿ, ನಮ್ಮ ರಂಗಕ್ಕೆ ಬಂತು.

ಬೋಸಾಗೆ ಬಂದಾಗ ಆ ತಿದಿ ಸುಮ್ಮನಾಗಲೇಬೇಕು. ಎಲ್ಲ ಭಾರವೂ ನೈಲಾನ್ ತಂತಿಯ ಗಿಟಾರಿನ ಮೇಲೆ. ಹೆಬ್ಬೆರಳು ಸಾಂಬಾದ ದೊಡ್ಡ ಡೋಲಿನ ನಡೆ ಹಿಡಿದರೆ, ಉಳಿದ ಬೆರಳುಗಳು ಪೆಟ್ಟಿನ ಆಚೀಚೆ ಜಾರಿ ಕಾರ್ಡ್ ಮೀಟುತ್ತವೆ. ಬೋಸಾ ಗಾಯಕ, ಗಿಟಾರಿಗ ಜೊವಾವ್ ಜಿಲ್ಬೆರ್ಟೊ 1959ರ ತನ್ನ ಮೊದಲ ಎಲ್‌ಪಿಯಲ್ಲೇ ಇದನ್ನು ತೋರಿಸಿದ. ದನಿಯಲ್ಲಿ ಕಂಪನವಿಲ್ಲ, ಕಿವಿಯ ಹತ್ತಿರ ಮಾತಾಡಿದಷ್ಟೇ.

ಟ್ಯಾಂಗೋ, ಬೋಸಾ ಎರಡೂ ಕೂಡುವುದಕ್ಕೆ ಕಾರಣ ಹಳೆಯದು. ಕ್ಯೂಬಾದ ಹಬನೇರಾ ಲಯ ಎರಡರ ಪೂರ್ವಜರಲ್ಲೂ ಇದೆ. ಎಂಟನ್ನು ಮೂರು, ಮೂರು, ಎರಡಾಗಿ ಒಡೆಯುವ ‘ತಕಿಟ ತಕಿಟ ತಕ’ ಅದರ ನೆಂಟ. ರಿಯೋದ ಸಂಯೋಜಕ ಅರ್ನೆಸ್ಟೊ ನಜರೆತ್ 1893ರಲ್ಲಿ ‘ಬ್ರೆಜೇರು’ ಪ್ರಕಟಿಸಿದಾಗ ಅದನ್ನು ಟ್ಯಾಂಗೋ ಎಂದೇ ಕರೆದಿದ್ದ!

ಕಷ್ಟ ಬರುವುದು ಪಲ್ಲವಿಯಲ್ಲಿ. ‘ಪೋರ್ ಉನಾ ಕಬೇಸಾ’ ಮೇಜರ್‌ನಲ್ಲಿ ಹಗುರಾಗಿ ಶುರುವಾಗಿ, ಪಲ್ಲವಿಗೆ ಬರುತ್ತಲೇ ಮೈನರ್‌ಗೆ ತಿರುಗುತ್ತದೆ. ಕುದುರೆ ಜೂಜಿನಲ್ಲೂ ಪ್ರೀತಿಯಲ್ಲೂ ಕೂದಲೆಳೆಯಲ್ಲಿ ಸೋತವನ ಹಾಡು ಅದು. ಟ್ಯಾಂಗೋ ವಾದ್ಯಗಳು ಅಲ್ಲಿ ಮೈತುಂಬಿ ನುಗ್ಗುತ್ತವೆ. ಬೋಸಾ ಗಾಯಕಿ ಅದೇ ಜಾಗದಲ್ಲಿ ದನಿ ಇಳಿಸಬೇಕು, ಸಾಲನ್ನು ಗಿಟಾರಿಗಿಂತ ತುಸು ಹಿಂದೆ ಬಿಡಬೇಕು. ಆಗ ಅವನ ಹಠ ಕರಗಿ ಸೋಲಷ್ಟೇ ಕೇಳುತ್ತದೆ. ನಯ ಮಾಡುವ ಭರದಲ್ಲಿ ದುಃಖವನ್ನೂ ಒರೆಸಿಬಿಟ್ಟರೆ ಉಳಿಯುವುದು ಹೋಟೆಲ್ ಲಾಬಿಯ ಸಂಗೀತ.

ದಾರಿ ತಿಳಿಯಬೇಕಾದವರು ಜಿಲ್ಬೆರ್ಟೊನ 1977ರ ‘ಅಮೊರೋಸೊ’ ಆಲ್ಬಮ್ ಕೇಳಬೇಕು. ಅದರಲ್ಲಿರುವ ‘ಬೇಸಮೆ ಮೂಚೊ’ ಮೆಕ್ಸಿಕೋದ ಬೊಲೆರೊ, ಟ್ಯಾಂಗೋ ಅಲ್ಲ. ಆದರೂ ಪರಭಾಷೆಯ ಉದ್ವೇಗದ ಹಾಡೊಂದು ಸ್ವಲ್ಪವೂ ಬಡವಾಗದೆ ಹೇಗೆ ತಣಿಯಬಹುದೆಂದು ಅಲ್ಲಿ ಗೊತ್ತಾಗುತ್ತದೆ.

ಟ್ಯಾಂಗೋ ಸಂಯೋಜಕ ಪಿಯಾಝೋಲಾನ ‘ಲಿಬರ್‌ಟ್ಯಾಂಗೋ’ವನ್ನು ಮಾತ್ರ ದಯವಿಟ್ಟು ಹೀಗೆ ಮೆತ್ತಗೆ ಮಾಡಬೇಡಿ. ಅದರ ಜೀವವಿರುವುದೇ ಆ ಗಟ್ಟಿ ಪೆಟ್ಟುಗಳಲ್ಲಿ. ಗಾರ್ಡೆಲ್‌ನ ಹಾಡುಗಳಲ್ಲಾದರೆ ವಾದ್ಯಗಳನ್ನೆಲ್ಲ ತೆಗೆದರೂ ಗುನುಗಲು ಮಟ್ಟು ಉಳಿಯುತ್ತದೆ.