ವ್ಯಾಧಿಯೆದುರು ಠೀವಿ: ಬ್ರೊಯಾರ್ಡ್ ಬರಹ

ನ್ಯೂಯಾರ್ಕಿನ ವಿಮರ್ಶಕ ಅನಾಟೋಲ್ ಬ್ರೊಯಾರ್ಡ್ 1989ರಲ್ಲಿ ತನಗೆ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದನ್ನರಿತು, 1990ರಲ್ಲಿ ತೀರಿಕೊಳ್ಳುವ ಮೊದಲು ಬರೆದ ಪ್ರಬಂಧಗಳು 1992ರ 'ಇಂಟಾಕ್ಸಿಕೇಟೆಡ್ ಬೈ ಮೈ ಇಲ್‌ನೆಸ್' ಸಂಕಲನದಲ್ಲಿವೆ. ವೈದ್ಯನು ಗ್ರಂಥಿಯನ್ನಷ್ಟೇ ಅಲ್ಲದೆ ರೋಗಿಯನ್ನೂ ಒಳ್ಳೆಯ ಓದುಗನಂತೆ ಅರಿಯಬೇಕೆಂಬುದು ಆತನ ಬೇಡಿಕೆ. ಅದು ನಮಗೂ ಒಪ್ಪಿತ. ಆದರೆ ಶಸ್ತ್ರಚಿಕಿತ್ಸೆಯ ಟೊಪ್ಪಿಗೆಯನ್ನು ಸೊಗಸಾಗಿ ತೊಡಲರಿಯದವನೆಂದು ಒಬ್ಬ ವೈದ್ಯನನ್ನು ಆತ ನಿರಾಕರಿಸುವ ಪ್ರಸಂಗವನ್ನು ಬರಿಯ ವಿನೋದವೆಂದು ಓದಲಾಗದು. ಲೈಂಗಿಕ ಶಕ್ತಿ, ಮೂತ್ರದ ಹತೋಟಿ ಎರಡನ್ನೂ ಕಸಿಯಬಲ್ಲ ಚಿಕಿತ್ಸೆಯೆದುರು ಗಂಡಸು ಉಳಿಸಿಕೊಳ್ಳುವ ಠೀವಿ ಅದು. ರನ್ನನ ದುರ್ಯೋಧನನಿಗಾದರೋ ತೊಡೆ ಮುರಿದಾಗಲೂ ವೀರರಸದ ನುಡಿಯಿತ್ತು. ಈ ರೋಗಿಗೆ ಅಂಥ ಸಿದ್ಧನುಡಿಯಿಲ್ಲ. ಹಾಗಾಗಿ ಶೈಲಿಯನ್ನೇ ಕವಚವಾಗಿಸುತ್ತಾನೆ. ಮಾತುಬಲ್ಲ ವಿಮರ್ಶಕನಿಗೆ ದಕ್ಕಿದ ಈ ಕವಚ, ರೋಗಲಕ್ಷಣವನ್ನು ಹೇಳಲೂ ನಾಚುವವನಿಗೆ ಎಲ್ಲಿಯದು? ಆ ಮೌನಿಯನ್ನು ವೈದ್ಯನು ಓದುವ ಬಗೆ ಹೇಗೆಂಬ ಪ್ರಶ್ನೆಯನ್ನು ಬ್ರೊಯಾರ್ಡ್ ಬಹುಮಟ್ಟಿಗೆ ಕೈಬಿಡುತ್ತಾನೆ.