ಟಿಕ್ ಟಿಕ್ ಸದ್ದಿಗೆ ಹೆಡರ್ ಮದ್ದಲ್ಲ

2004ರಿಂದ 2010ರವರೆಗಿನ, 5.4 ಲೀಟರ್ ಎಂಜಿನ್ನಿನ ಫೋರ್ಡ್ ಎಫ್-150 ಇಟ್ಟುಕೊಂಡವರಿಗೆ ಆ ಟಿಕ್ ಟಿಕ್ ಸದ್ದಿನ ಪರಿಚಯ ಮಾಡಿಕೊಡಬೇಕಿಲ್ಲ. ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಶುರುವಾಗುತ್ತದೆ, ಎಂಜಿನ್ ಬಿಸಿಯಾದ ಮೇಲೆ ತಾನೇ ಅಡಗುತ್ತದೆ. ಅಡಗಿತಲ್ಲ ಎಂದು ಸುಮ್ಮನಾಗುವವರೇ ಹೆಚ್ಚು. ಎಂಜಿನ್ ಹೆಡ್ಡಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಬಿಗಿದ ಸ್ಟಡ್ಡುಗಳಲ್ಲಿ ಒಂದೋ ಎರಡೋ ಮುರಿದಿರುತ್ತವೆ. ಸಂದಿನಿಂದ ಹೊಗೆ ಚಿಮ್ಮುತ್ತದೆ; ಬಿಸಿಗೆ ಲೋಹ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಟಾರ್ಚ್ ಹಿಡಿದು ನೋಡಿದರೆ ಆ ಜಾಗದಲ್ಲಿ ಕಾಡಿಗೆ ತೀಡಿದಂತೆ ಮಸಿಯ ಗೆರೆ. 5.3 ಲೀಟರಿನ ಷೆವಿ ಸಿಲ್ವರಾಡೊದಲ್ಲೂ ಇದೇ ಕಥೆ. ಅಲ್ಲಿ ಹೆಚ್ಚಾಗಿ ಕೊನೆಯ ಬೋಲ್ಟಿನ ತಲೆ ಹಾರಿರುತ್ತದೆ.

ಹೆಡರ್ ಮಾರುವವರ ಮಾತು ಇಲ್ಲಿಂದಲೇ ಶುರು: ಹೇಗೂ ಬಿಚ್ಚುತ್ತೀರಲ್ಲ, ಹಳೇ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಎಸೆದು, ಅದರ ಬದಲು ಉಕ್ಕಿನ ಕೊಳವೆಗಳ ಹೆಡರ್ ಹಾಕಿಸಿಬಿಡಿ. ಕೇಳಲು ಸರಿಯಾಗಿಯೇ ಇದೆ. ಆದರೆ ಖರ್ಚೆಲ್ಲ ಇರುವುದು ಮುರಿದ ಸ್ಟಡ್ ಹೊರತೆಗೆಯುವುದರಲ್ಲಿ. ಉಳಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ, ಹಿಂದೆ ಮುಂದೆ ಅಲುಗಿಸುತ್ತ ತಿರುಗಿಸಬೇಕು. ಅದಕ್ಕೂ ಬಗ್ಗದಿದ್ದರೆ ಡ್ರಿಲ್. ಡ್ರಿಲ್ ಕೊಂಚ ಜಾರಿದರೂ ಅಲ್ಯೂಮಿನಿಯಂ ಹೆಡ್ ಹಾಳು. ನೀವು ಏನೇ ಹಾಕಿಸಿ, ಈ ಕೂಲಿ ತಪ್ಪುವುದಿಲ್ಲ.

ಹೆಡರಿನ ತತ್ತ್ವದಲ್ಲಿ ಸುಳ್ಳಿಲ್ಲ. ಪ್ರತಿ ಸಿಲಿಂಡರಿಗೂ ಅದರದೇ ಉದ್ದನೆಯ ಕೊಳವೆ. ಎಲ್ಲ ಒಂದೆಡೆ ಕೂಡುವಲ್ಲಿ ಒಂದರ ಹೊಗೆಯ ಸೆಳೆತ ಇನ್ನೊಂದರ ಹೊಗೆಯನ್ನು ಎಳೆದು ಹಾಕುತ್ತದೆ. ಆದರೆ ಹಳೇ ಟ್ರಕ್ಕಿಗೆಂದು ಹೆಚ್ಚಾಗಿ ಮಾರಾಟವಾಗುವುದು ಗಿಡ್ಡ ಹೆಡರ್. ಅದು ಮೂಲ ಮ್ಯಾನಿಫೋಲ್ಡಿನ ಜಾಗದಲ್ಲೇ ಕೂರುತ್ತದೆ, ಅದಕ್ಕಿಂತ ಬಹಳ ಉದ್ದವೇನೂ ಇರುವುದಿಲ್ಲ. ಲಾಭ ಇದ್ದರೂ ಮೇಲಿನ ವೇಗಗಳಲ್ಲಿ. ಸಾಮಾನು ಹೊತ್ತು ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲೇ ದಿನ ಕಳೆಯುವ ಟ್ರಕ್ಕಿಗೆ ಅದರಿಂದೇನು?

ಕಾರ್ಖಾನೆಯವರು ಎಲ್ಲ ಕಾಲಕ್ಕೂ ದಡ್ಡರಾಗಿರಲಿಲ್ಲ. ಫೋರ್ಡಿನ 300 ಘನ ಅಂಗುಲದ ಆರು ಸಿಲಿಂಡರ್ ಎಂಜಿನ್ ನೋಡಿ. 1965ರಿಂದ 1996ರವರೆಗೆ ಬಂದ ಎಂಜಿನ್ ಅದು. ಫ್ಯುಯೆಲ್ ಇಂಜೆಕ್ಷನ್ ಬಂದಾಗ ಅದರ ಮ್ಯಾನಿಫೋಲ್ಡನ್ನು ಎರಡು ತುಂಡು ಮಾಡಿದರು: ಮುಂದಿನ ಮೂರಕ್ಕೊಂದು, ಹಿಂದಿನ ಮೂರಕ್ಕೊಂದು. ಸಿಲಿಂಡರುಗಳು ಉರಿಯುವ ಕ್ರಮ 1-5-3-6-2-4. ಅಂದರೆ ಒಮ್ಮೆ ಮುಂದಿನ ಗುಂಪು, ಒಮ್ಮೆ ಹಿಂದಿನದು. ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಬೀಡು ಕಬ್ಬಿಣದಲ್ಲೇ ಎರಕ ಹೊಯ್ದ ಹೆಡರ್ ಎನ್ನಬಹುದು! ಅದೇ ಎಂಜಿನ್ನಿನ ಕಾರ್ಬ್ಯುರೇಟರ್ ಕಾಲದ ಮಾದರಿಗೆ ಹೆಡರ್ ಹಾಕಿದರೆ ಬೇರೆ ತಾಪತ್ರಯ. ಅಲ್ಲಿ ಮ್ಯಾನಿಫೋಲ್ಡಿನ ಬಿಸಿಯೇ ಪೆಟ್ರೋಲ್ ಮಿಶ್ರಣವನ್ನು ಬೆಚ್ಚಗಿಡುತ್ತದೆ. ಅದು ಹೋದರೆ ಜನವರಿಯಲ್ಲಿ ಎಂಜಿನ್ ತಡವರಿಸುತ್ತದೆ.

ನ್ಯೂಯಾರ್ಕ್-ನ್ಯೂಜೆರ್ಸಿಯಲ್ಲಿ ಇದಕ್ಕೆಲ್ಲ ಮಿಗಿಲಾದ ಶತ್ರು ರಸ್ತೆಯ ಉಪ್ಪು. ಹಿಮ ಬೀಳುವ ಮುನ್ನ ಉಪ್ಪುನೀರು ಸಿಂಪಡಿಸುತ್ತಾರೆ, ಬಿದ್ದ ಮೇಲೆ ಕಲ್ಲುಪ್ಪು ಚೆಲ್ಲುತ್ತಾರೆ. ಅಗ್ಗದ ಹೆಡರಿನ ಕೊಳವೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಮಾಮೂಲಿ ಉಕ್ಕು. ಬಳಿದ ಬಣ್ಣ ಬೇಗನೆ ಸುಟ್ಟುಹೋಗುತ್ತದೆ. ಬಿಸಿ ತಡೆಯಲೆಂದು ಪಟ್ಟಿ ಸುತ್ತುವ ಚಾಳಿ ಇನ್ನೂ ಕೆಟ್ಟದ್ದು: ಒದ್ದೆ ಹೀರಿದ ಪಟ್ಟಿಯೊಳಗೆ ಉಕ್ಕು ಕಣ್ಣಿಗೆ ಕಾಣದೆ ಕೊರೆದುಹೋಗುತ್ತದೆ. ಬೀಡು ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ, ಆದರೆ ತುಕ್ಕು ಅದನ್ನು ತೂತು ಮಾಡುವ ಹೊತ್ತಿಗೆ ಟ್ರಕ್ಕಿನ ಚಾಸಿಯೇ ಹೋಗಿರುತ್ತದೆ. ಹಾಗೆಂದು ಅದು ನಿರ್ದೋಷಿಯಲ್ಲ. ಬಿಸಿ-ತಂಪಿಗೆ ಬಾಗುತ್ತದೆ, ಬಾಗಿ ಸ್ಟಡ್ ಮುರಿಯುತ್ತದೆ. ಬಾಗಿದ್ದನ್ನು ಸಮ ಮಾಡಿಸದೆ ಮತ್ತೆ ಬಿಗಿದರೆ ಹೊಸ ಸ್ಟಡ್ಡಿಗೂ ಅದೇ ಗತಿ.

1996ರಿಂದೀಚಿನ ಟ್ರಕ್ಕಾದರೆ ಇನ್ನೊಂದು ಸಂಗತಿ. ಆಕ್ಸಿಜನ್ ಸೆನ್ಸರಿಗೆ ಮುಂಚೆ ಎಲ್ಲಿ ಸೋರಿದರೂ ಹೊರಗಿನ ಗಾಳಿ ಒಳಸೇರಿ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ, ಇನ್ಸ್‌ಪೆಕ್ಷನ್ ಫೇಲ್. ಉದ್ದ ಹೆಡರಿಗಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತರೆ ಕೇಂದ್ರದ ಕಾನೂನೇ ಅಡ್ಡ ಬರುತ್ತದೆ. ನ್ಯೂಜೆರ್ಸಿಯಲ್ಲಿ 1995 ಮತ್ತು ಅದಕ್ಕೂ ಹಿಂದಿನ ಹಗುರ ಪೆಟ್ರೋಲ್ ಗಾಡಿಗಳಿಗೆ 2016ರಿಂದ ಹೊಗೆ ಪರೀಕ್ಷೆ ಇಲ್ಲ, ನಿಜ. ಕನ್ವರ್ಟರ್ ಕೀಳಲು ಅದು ಅನುಮತಿಯಲ್ಲ. ನ್ಯೂಯಾರ್ಕ್ ರಾಜ್ಯ 2021ರಲ್ಲಿ ಗದ್ದಲದ ಎಕ್ಸಾಸ್ಟಿನ ದಂಡವನ್ನು 1,000 ಡಾಲರಿನವರೆಗೆ ಏರಿಸಿತು. ನ್ಯೂಯಾರ್ಕ್ ನಗರದಲ್ಲಿ 85 ಡೆಸಿಬೆಲ್ ದಾಟಿದರೆ ಹಿಡಿಯುವ ಕ್ಯಾಮೆರಾಗಳೂ ಬಂದಿವೆ. ಹೆಡರ್ ಒಂದರಿಂದಲೇ ಅಷ್ಟು ಸದ್ದು ಬರಲಿಕ್ಕಿಲ್ಲ. ಆದರೆ ಹೆಡರ್ ಹಾಕಿಸಿದವರು ಅಲ್ಲಿಗೇ ನಿಲ್ಲುವುದಿಲ್ಲ, ಮುಂದಿನ ಸರದಿ ಮಫ್ಲರಿನದು. ಬುಲೆಟ್ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹತ್ತಿಸುವ ನಮ್ಮ ಪೊಲೀಸರನ್ನು ಕಂಡವರಿಗೆ ಈ ಚಟ ಗೊತ್ತು.

ಎಪ್ಪತ್ತು-ಎಂಬತ್ತರ ದಶಕದ ವಿ8, ಕ್ಯಾಮ್ ಬದಲಾಗಿದೆ, ಭಾರದ ಟ್ರೈಲರ್ ಎಳೆಯುತ್ತೀರಿ, ಸ್ಟೇನ್‌ಲೆಸ್ ಉಕ್ಕಿನ ದಪ್ಪ ಫ್ಲಾಂಜಿನ ಹೆಡರಿಗೆ ಹಣ ಇದೆ ಎಂದಾದರೆ ಹಾಕಿಸಿ, ಬೇಡ ಎನ್ನುವುದಿಲ್ಲ. ಉಳಿದವರಿಗೆ ಸಮ ಮಾಡಿಸಿದ ಅಥವಾ ಹೊಸ ಮ್ಯಾನಿಫೋಲ್ಡು, ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್ ಸಾಕು. ಗ್ಯಾರೇಜಿಗೆ ಹೋದಾಗ ಹೆಡರಿನ ಬೆಲೆ ವಿಚಾರಿಸುವ ಮೊದಲು, ಮುರಿದ ಸ್ಟಡ್ ತೆಗೆಯಲು ತಲಾ ಇಷ್ಟೆಂದೋ ಗಂಟೆಯ ಲೆಕ್ಕವೋ ಎಂದು ಕೇಳಿ, ಬರಹದಲ್ಲಿ ಪಡೆದುಕೊಳ್ಳಿ.