ಸ್ಪೇನಿನ ಗೆಳೆಯರಿಗೆ ಅಮೆರಿಕದ ಕುರುಕಲು: ರಸಿಕರಿಗೊಂದು ಕೈಪಿಡಿ

ಅಮೆರಿಕದಲ್ಲಿರುವ ನಮ್ಮವರು ಸ್ಪೇನಿನ ಗೆಳೆಯರ ಮನೆಗೆ ಹೊರಟಾಗ ಸೂಟ್‌ಕೇಸಿಗೆ ಏನು ತುಂಬಬೇಕೆಂದು ಕೇಳುತ್ತಿರುತ್ತಾರೆ. ಓರಿಯೋ ಬೇಡ, ಡೊರಿಟೋಸ್ ಬೇಡ, ಪ್ರಿಂಗಲ್ಸ್ ಅಂತೂ ಬೇಡವೇ ಬೇಡ. ಅವೆಲ್ಲ ಮ್ಯಾಡ್ರಿಡ್ಡಿನ ಸೂಪರ್‌ಮಾರ್ಕೆಟ್ಟುಗಳಲ್ಲೇ ಸಿಗುತ್ತವೆ. ಅಮೆರಿಕದವರ ನಾಲಗೆ ಎಲ್ಲಿ ಬೇರೆ ದಾರಿ ಹಿಡಿದಿದೆ ಎಂದು ತೋರಿಸುವ ತಿನಿಸುಗಳನ್ನು ಆರಿಸಿ ಒಯ್ಯಬೇಕು. ನನ್ನ ಪ್ರಕಾರ ಆ ದಾರಿಯ ಗುರುತು ಒಂದೇ: ಉಪ್ಪೂ ಸಿಹಿಯೂ ಒಂದೇ ತುತ್ತಿನಲ್ಲಿ ಕೂಡುವುದು. ಸ್ಪೇನಿನವರು ಕರಬೂಜದ ಹೋಳಿನ ಮೇಲೆ ಹಾಮೋನ್ ಎಂಬ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ ಹೊದಿಸಿ ತಿನ್ನುವುದುಂಟು. ಅಂಥ ಕೆಲವನ್ನು ಬಿಟ್ಟರೆ ಅವರಲ್ಲಿ ಉಪ್ಪಿಗೊಂದು ಹೊತ್ತು, ಸಿಹಿಗೊಂದು ಹೊತ್ತು.

ಆ ಹೊತ್ತನ್ನು ಮೊದಲು ತಿಳಿದುಕೊಳ್ಳಿ. ಸ್ಪೇನಿನಲ್ಲಿ ಮಧ್ಯಾಹ್ನದ ಊಟ ಎರಡು ಮೂರು ಗಂಟೆಗೆ, ರಾತ್ರಿಯದು ಒಂಬತ್ತರ ಮೇಲೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಆಲಿವ್ ಕಾಯಿ, ಆಲೂ ಚಿಪ್ಸ್, ಒಂದು ಲೋಟ ವೆರ್ಮುತ್ ಎಂಬ ಮದ್ಯ, ಇದು ಅಪೆರಿತಿವೋ. ಸಂಜೆ ಆರರ ಸುಮಾರಿಗೆ ಬ್ರೆಡ್ಡು, ಬಿಸ್ಕತ್ತು, ಚಾಕೊಲೇಟುಗಳ ಮೆರಿಯೆಂದಾ. ಎರಡೂ ಕೂತು, ಮಾತಾಡುತ್ತ ತಿನ್ನುವಂಥವು. ಕಾರಿನಲ್ಲಿ, ಕಚೇರಿಯ ಮೇಜಿನಲ್ಲಿ, ಟೀವಿ ಮುಂದೆ ಯಾವ ಹೊತ್ತಿಗೆಂದರೆ ಆ ಹೊತ್ತಿಗೆ ಪೊಟ್ಟಣ ಬಿಚ್ಚುವ ಅಮೆರಿಕದ ರೂಢಿ ಅಲ್ಲಿ ಅಷ್ಟಾಗಿ ಇಲ್ಲ. ಹಾಗಾಗಿ ಖಾರ-ಉಪ್ಪಿನವನ್ನು ಮಧ್ಯಾಹ್ನಕ್ಕೆ, ಸಿಹಿಯವನ್ನು ಸಂಜೆಗೆ ತೆಗೆದಿಡಿ. ತಂದದ್ದನ್ನೆಲ್ಲ ಒಟ್ಟಿಗೆ ಹರಡಿದರೆ ನಾಲ್ಕನೆಯ ತುತ್ತಿಗೆ ನಾಲಗೆ ಜಡವಾಗಿ ಯಾವುದರ ರುಚಿಯೂ ತಿಳಿಯುವುದಿಲ್ಲ.

ಆರಂಭ ಸೂರ್ಯಕಾಂತಿ ಬೀಜದಿಂದಾಗಲಿ. ಸ್ಪೇನಿನಲ್ಲಿ ಇದು ಪಿಪಾಸ್. ಪಾರ್ಕಿನ ಬೆಂಚಿನಲ್ಲಿ, ಫುಟ್‌ಬಾಲ್ ಮೈದಾನದಲ್ಲಿ ಎಲ್ಲರ ಕೈಯಲ್ಲೂ ಇರುವ ಪೊಟ್ಟಣ. ಅಮೆರಿಕದಲ್ಲಿ ಅದೇ ಬೀಜ ಬೇಸ್‌ಬಾಲ್ ಆಟಗಾರರ ಬಾಯಿಯಲ್ಲಿ. ತಿನ್ನುವ ಕ್ರಮ ಮಾತ್ರ ಬೇರೆ. ಸ್ಪೇನಿನವರು ಒಂದೊಂದೇ ಬೀಜವನ್ನು ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ, ಸೀಳಿ, ಸಿಪ್ಪೆ ಕೆಳಗೆ ಬಿಡುತ್ತಾರೆ. ಬೇಸ್‌ಬಾಲ್ ಆಟಗಾರ ಒಂದು ಹಿಡಿ ಬೀಜವನ್ನು ಒಂದು ಕೆನ್ನೆಯಲ್ಲಿ ತುಂಬಿಕೊಂಡು, ನಾಲಗೆಯಿಂದ ಒಂದನ್ನು ಆಚೆ ಬದಿಯ ದವಡೆಗೆ ಸರಿಸಿ, ಒಡೆದು, ತಿರುಳು ನುಂಗಿ ಸಿಪ್ಪೆ ಉಗುಳುತ್ತಾನೆ. ಕೈ ಗ್ಲೌಸಿಗೆ ಬಿಡುವಾಗಿರುತ್ತದೆ. ಇದನ್ನು ಗೆಳೆಯರಿಗೆ ಮಾಡಿ ತೋರಿಸಿ. ಸೂರ್ಯಕಾಂತಿಯನ್ನು ಬೆಳೆಯಾಗಿ ಪಳಗಿಸಿದವರು ಉತ್ತರ ಅಮೆರಿಕದ ಮೂಲನಿವಾಸಿಗಳು, 16ನೇ ಶತಮಾನದಲ್ಲಿ ಅದನ್ನು ಯುರೋಪಿಗೆ ಕೊಂಡೊಯ್ದವರು ಸ್ಪೇನಿನವರು ಎಂಬುದನ್ನೂ ಹೇಳಿ. ಮೊದಲು ಬರೀ ಉಪ್ಪಿನ ಬೀಜ ಕೊಡಿ. ಸಬ್ಬಸಿಗೆ ಹಾಕಿದ ಸೌತೆ ಉಪ್ಪಿನಕಾಯಿಯ ರುಚಿಯದು, ರ‍್ಯಾಂಚ್ ರುಚಿಯದು (ಅದೇನೆಂದು ಮುಂದೆ ಹೇಳುತ್ತೇನೆ) ಆಮೇಲೆ.

ಎರಡನೆಯದು ಕಾರ್ನ್ ನಟ್ಸ್. ನೆನೆಸಿ ಕರಿದ ಮೆಕ್ಕೆಜೋಳದ ಈ ಕಾಳು ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ 1936ರಲ್ಲಿ ಶುರುವಾಯಿತು. ಸ್ಪೇನಿನಲ್ಲಿ ಇದಕ್ಕೆ ಕಿಕೋಸ್ ಎಂಬ ನೆಂಟನಿದ್ದಾನೆ. ಅವರ ಕಿಕೋಸನ್ನೇ ಪಕ್ಕದ ಬಟ್ಟಲಿನಲ್ಲಿಟ್ಟು ರ‍್ಯಾಂಚ್ ರುಚಿಯ ಕಾರ್ನ್ ನಟ್ಸ್ ಕೊಟ್ಟರೆ, ಕಾಳು ಅದೇ ಆಗಿರುವುದರಿಂದ ಗಮನವೆಲ್ಲ ಮಸಾಲೆಯ ಮೇಲೆ ಹೋಗುತ್ತದೆ. ಮಜ್ಜಿಗೆ, ಬೆಳ್ಳುಳ್ಳಿ, ಈರುಳ್ಳಿ, ಸಬ್ಬಸಿಗೆ ಸೇರಿದ ಸಾಸ್ ಆದ ಈ ರ‍್ಯಾಂಚ್ ಸಾಂತಾ ಬಾರ್ಬರಾ ಬಳಿಯ ಹಿಡನ್ ವ್ಯಾಲಿ ಎಂಬ ಅತಿಥಿಗೃಹದಲ್ಲಿ 1950ರ ದಶಕದಲ್ಲಿ ಹೆಸರು ಮಾಡಿ, ಇವತ್ತು ಅಮೆರಿಕದ ಅರ್ಧ ಕುರುಕಲು ಅಂಗಡಿಯನ್ನೇ ಆಳುತ್ತಿದೆ. ಅಲಿಯೋಲಿ ಎಂಬ ತಮ್ಮ ಸಾಸಿನ ಬೆಳ್ಳುಳ್ಳಿ ಘಾಟು ಬಲ್ಲವರಿಗೆ ಇದು ಬೇಗ ಒಗ್ಗುತ್ತದೆ. ಫ್ಲೇಮಿನ್ ಹಾಟ್ ಬಗೆಯ ಖಾರದ ಚೀಟೋಸ್ ಮಾತ್ರ ನಿಮ್ಮಲ್ಲೇ ಇರಲಿ. ಸ್ಪೇನಿನ ಅಡುಗೆಯಲ್ಲಿ ಕೆಂಪು ಬಣ್ಣ ಧಾರಾಳ, ಖಾರ ಕಡಿಮೆ.

ಇನ್ನು ಸಂಜೆಯ ಸರದಿ. ಇಲ್ಲಿಂದಲೇ ನಿಜವಾದ ಪಾಠ.

ಮೊದಲಿಗೆ ಕ್ರ್ಯಾಕರ್ ಜ್ಯಾಕ್. ಪಾಪ್‌ಕಾರ್ನಿಗೂ ಕಡಲೆಬೀಜಕ್ಕೂ ಕಾಕಂಬಿ ಬೆರೆಸಿದ ಪಾಕ ಹಚ್ಚಿದ ತಿನಿಸು ಇದು. ಹೆಸರು 1896ರದು, ಪೊಟ್ಟಣದೊಳಗೆ ಪುಟ್ಟ ಉಡುಗೊರೆ ಇಡುವುದು 1912ರಲ್ಲಿ ಶುರುವಾಗಿ 2016ರವರೆಗೆ ನಡೆಯಿತು. ಪಾಕದಲ್ಲಿ ಜೋನಿಬೆಲ್ಲದ ಹಾಗೆ ಸಿಹಿಯ ಅಡಿಯಲ್ಲೊಂದು ಕಹಿಯ ಎಳೆ ಇರುತ್ತದೆ. ಜಾತ್ರೆಗಳಲ್ಲಿ ಸಕ್ಕರೆ ಪಾಕ ಹಿಡಿಸಿದ ಬಾದಾಮಿ ಕೊಂಡು ತಿಂದು ಬೆಳೆದ ಸ್ಪೇನಿನವರಿಗೆ ಇದರಲ್ಲಿ ಹೊಸದು ಎಂದರೆ ಉಪ್ಪು ಮಾತ್ರ. ಮೊದಲ ಉಪ್ಪು-ಸಿಹಿಗೆ ಇದಕ್ಕಿಂತ ಸಲೀಸಾದ ಮೆಟ್ಟಿಲು ನನಗೆ ಗೊತ್ತಿಲ್ಲ.

ಆಮೇಲೆ ಕಡಲೆಕಾಯಿ ಹೂರಣದ ಚಾಕೊಲೇಟು, ರೀಸಿಸ್ ಕಪ್. ಶೇಂಗಾ ಹೋಳಿಗೆ, ಚಿಕ್ಕಿ ತಿಂದು ಬೆಳೆದ ನಮಗೆ ಕಡಲೆಕಾಯಿ ಸಿಹಿಯಾಗುವುದು ಸಹಜ. ಸ್ಪೇನಿನಲ್ಲಿ ಕಡಲೆಕಾಯಿ ಎಂದರೆ ಹೆಚ್ಚಾಗಿ ಬಿಯರಿನ ಪಕ್ಕದ ಉಪ್ಪುಗಾಳು. ಮಕ್ಕಳ ಬ್ರೆಡ್ಡಿಗೆ ಹಚ್ಚುವುದು ಹೇಜಲ್ ಬೀಜದ ಚಾಕೊಲೇಟು. ಆದ್ದರಿಂದ ಸುಮ್ಮನೆ ಕೈಗಿಟ್ಟರೆ ಮುಖ ಸಿಂಡರಿಸಬಹುದು. ಅವರಿಗೆ ಹಿಹೋನಾದ ತುರ್ರೋನ್ ನೆನಪಿಸಿ. ಕ್ರಿಸ್ಮಸ್ಸಿಗೆ ತಿನ್ನುವ ಆ ಸಿಹಿಯಲ್ಲಿ ಬಾದಾಮಿ ಮತ್ತು ಜೇನು ಅರೆದು ಒಂದಾಗಿ, ಎಣ್ಣೆ ಜಿನುಗುವಷ್ಟು ಮೆತ್ತಗಾಗಿರುತ್ತದೆ. ರೀಸಿಸ್ ಕಪ್ಪನ್ನು ಕಂದು ಕಾಗದದಿಂದ ಬಿಡಿಸಿ, ಚಾಕುವಿನಿಂದ ನಡುವೆ ಕತ್ತರಿಸಿ, ಒಳಗಿನ ಹೂರಣ ತೋರಿಸಿ. ಅದು ಪುಡಿಪುಡಿಯಾಗಿ, ಒಣಗಿದಂತೆ ಕಂಡರೂ ಬಾಯಿಗೆ ಬಿದ್ದೊಡನೆ ಕರಗುತ್ತದೆ. ತುರ್ರೋನಿನ ಗುಣವೂ ಅದೇ. ನೆರಿಗೆಯ ಅಂಚು ಬರೀ ಚಾಕೊಲೇಟು, ಅಲ್ಲಿಂದ ಕಚ್ಚಿ ನಡುವಿಗೆ ಬಂದರೆ ಸಿಹಿ ಮೊದಲು, ಉಪ್ಪು ಆಮೇಲೆ ಬರುತ್ತದೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕೊಡಬೇಡಿ, ತಣ್ಣಗಿದ್ದರೆ ಉಪ್ಪು ಅಡಗಿಕೊಳ್ಳುತ್ತದೆ. ಹರ್ಷಿ ಚಾಕೊಲೇಟು ಕಂಪನಿಯ ಡೇರಿಯಲ್ಲಿ ದುಡಿದಿದ್ದ ಎಚ್. ಬಿ. ರೀಸ್ 1928ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮಾಡಿದ ತಿನಿಸಿದು. ಒಂದನ್ನೇ ಆರಿಸು ಎಂದರೆ ನಾನು ಆರಿಸುವುದೂ ಇದನ್ನೇ.

ಬರೀ ಹರ್ಷಿ ಚಾಕೊಲೇಟನ್ನು ಮಾತ್ರ ಹಾಗೇ ಕೊಡಬೇಡಿ. ಅಮೆರಿಕದಿಂದ ಬಂದ ನೆಂಟರ ಚೀಲದಿಂದ ಕರ್ನಾಟಕದ ಎಷ್ಟೋ ಮನೆಗಳಿಗೆ ಇಳಿದಿರುವ ಚಾಕೊಲೇಟು ಇದು. ಯುರೋಪಿನ ನಾಲಗೆಗೆ ಅದರಲ್ಲೊಂದು ಹುಳಿ ಎದ್ದು ಕಾಣುತ್ತದೆ. ಹಾಲನ್ನು ಸಂಸ್ಕರಿಸುವಾಗ ಹುಟ್ಟುವ ಬ್ಯುಟಿರಿಕ್ ಆಮ್ಲ ಇದಕ್ಕೆ ಕಾರಣ ಎನ್ನುತ್ತಾರೆ ಆಹಾರತಜ್ಞರು. ಹಳೆಯ ಪಾರ್ಮೆಸಾನ್ ಗಿಣ್ಣಿನಲ್ಲೂ ಇರುವ ಆಮ್ಲವೇ ಅದು. ಈ ಹುಳಿಗೆ ತಕ್ಕ ಜಾಗ ಸ್ಮೋರ್ಸ್. ಮಾರ್ಷ್‌ಮ್ಯಾಲೋವನ್ನು ಕಡ್ಡಿಗೆ ಸಿಕ್ಕಿಸಿ, ಉರಿಗೆ ತಾಗಿಸದೆ ಕೆಂಡದ ಮೇಲೆ ತಿರುಗಿಸುತ್ತ ಹೊನ್ನಿನ ಬಣ್ಣ ಬರಿಸಿ, ಎರಡು ಗ್ರಹಾಂ ಬಿಸ್ಕತ್ತುಗಳ ನಡುವೆ ಹರ್ಷಿ ತುಂಡಿನ ಮೇಲಿಟ್ಟು ಒತ್ತಬೇಕು. ಕಾದ ಮಾರ್ಷ್‌ಮ್ಯಾಲೋದ ಅತಿಸಿಹಿಯನ್ನು ಆ ಹುಳಿಯೇ ಹದಕ್ಕೆ ತರುತ್ತದೆ, ಒಳ್ಳೆಯ ಬೆಲ್ಜಿಯಂ ಚಾಕೊಲೇಟು ಹಾಕಿದರೂ ಈ ಹದ ಬಾರದು. ಅಮೆರಿಕದ ಗರ್ಲ್ ಸ್ಕೌಟ್ಸ್ 1927ರಲ್ಲೇ ಇದರ ವಿಧಾನ ಅಚ್ಚು ಹಾಕಿಸಿದ್ದರು. ದಾರಿಯಲ್ಲಿ ಗ್ರಹಾಂ ಬಿಸ್ಕತ್ತು ಪುಡಿಯಾದರೆ ಚಿಂತೆಯಿಲ್ಲ. ನಮ್ಮಲ್ಲಿರುವಂತೆ ಸ್ಪೇನಿನಲ್ಲೂ ಮನೆಮನೆಯಲ್ಲಿ ಮಾರಿ ಬಿಸ್ಕತ್ತು ಇರುತ್ತದೆ. ಜೂನ್ 23ರ ರಾತ್ರಿ ಅಲ್ಲಿದ್ದರೆ ಇನ್ನೂ ಚೆನ್ನ, ಸಾನ್ ಹುವಾನ್ ಹಬ್ಬಕ್ಕೆ ಎಷ್ಟೋ ಕಡಲತೀರಗಳಲ್ಲಿ ಬೆಂಕಿ ಹಾಕಿರುತ್ತಾರೆ.

ಕೊನೆಗೆ ಎಲ್ಲಕ್ಕಿಂತ ಕಷ್ಟದ್ದು, ದ್ರಾಕ್ಷಿ. ಅಮೆರಿಕದ ನೇರಳೆ ಬಣ್ಣದ ಮಿಠಾಯಿ, ಜೆಲ್ಲಿ ಯಾವುದನ್ನು ಕೊಟ್ಟರೂ ಸ್ಪೇನಿನವರು ಇದು ದ್ರಾಕ್ಷಿಯಲ್ಲ, ಯಾವುದೋ ಕೃತಕ ವಾಸನೆ ಎನ್ನುತ್ತಾರೆ. ಹೊಸ ವರ್ಷದ ನಡುರಾತ್ರಿ ಗಂಟೆಯ ಬಡಿತಕ್ಕೊಂದರಂತೆ ಹನ್ನೆರಡು ದ್ರಾಕ್ಷಿ ನುಂಗುವ ಜನ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಅವರು ಬಲ್ಲದ್ದು ಯುರೋಪಿನ ದ್ರಾಕ್ಷಿ ಜಾತಿ. ಅಮೆರಿಕದ ಮಿಠಾಯಿ ಅನುಸರಿಸುವುದು ಕಾಂಕರ್ಡ್ ದ್ರಾಕ್ಷಿಯನ್ನು; ಮೆಸಚೂಸೆಟ್ಸಿನ ಕಾಂಕರ್ಡ್ ಊರಿನಲ್ಲಿ ಎಫ್ರೆಮ್ ಬುಲ್ 1849ರಲ್ಲಿ ಬೆಳೆಸಿದ ತಳಿ ಅದು. ಅದರ ಪರಿಮಳಕ್ಕೆ ಮುಖ್ಯ ಕಾರಣ ಮೀಥೈಲ್ ಆಂಥ್ರನಿಲೇಟ್. ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯಲ್ಲೂ ಅದೇ ಅಮೆರಿಕದ ಜಾತಿಯ ರಕ್ತವಿದೆ. ಎರಡು ಬೆರಳಲ್ಲಿ ಹಿಸುಕಿದರೆ ದಪ್ಪ ಸಿಪ್ಪೆ ಕೈಯಲ್ಲುಳಿದು ಹಸಿರು ತಿರುಳು ಬಾಯಿಗೆ ಜಾರುತ್ತದಲ್ಲ, ಕಾಂಕರ್ಡ್ ಕೂಡ ಹಾಗೆಯೇ. ಆ ಘಮ ನಮಗೆ ಹುಟ್ಟಿನಿಂದ ಗೊತ್ತು.

ಗೆಳೆಯರಿಗೆ ಮಿಠಾಯಿ ಕೊಡದೆ ಕಾಂಕರ್ಡ್ ಜೆಲ್ಲಿಯ ಸೀಸೆ ತೆರೆಯಿರಿ. ಬ್ರೆಡ್ಡಿನ ಒಂದು ಹೋಳಿಗೆ ಉಪ್ಪಿರುವ ಪೀನಟ್ ಬಟರ್, ಇನ್ನೊಂದಕ್ಕೆ ಜೆಲ್ಲಿ ಸವರಿ ಜೋಡಿಸಿ. ಅವರು ತಿನ್ನುತ್ತಿರುವಾಗ ಫಿಲೊಕ್ಸೆರಾ ಕಥೆ ಹೇಳಿ: ಅಮೆರಿಕದಿಂದ ಬಂದ ಆ ಕೀಟ 19ನೇ ಶತಮಾನದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳ ಬೇರು ತಿಂದು ಹಾಕಿತು, 1878ರಲ್ಲಿ ಸ್ಪೇನಿನ ಮಾಲಗಾಕ್ಕೂ ತಲುಪಿತು. ಪರಿಹಾರವಾಗಿ ಸಿಕ್ಕಿದ್ದು ಅಮೆರಿಕದ ಬಳ್ಳಿಯ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಮಾಡುವುದು. ಇವತ್ತು ಸ್ಪೇನಿನ ಬಹುಪಾಲು ದ್ರಾಕ್ಷಿ ತೋಟಗಳು ನಿಂತಿರುವುದು ಅಮೆರಿಕದ ಬೇರಿನ ಮೇಲೆ. ಇದನ್ನು ಕೇಳಿದ ಮೇಲೆ ಎರಡನೆಯ ತುತ್ತು ಹೆಚ್ಚು ಗಮನವಿಟ್ಟು ತಿನ್ನುತ್ತಾರೆ.

ಟ್ವಿಂಕೀಸ್ ಎಂಬ ಕೇಕಿನ ಹೆಸರು ದೊಡ್ಡದು, ರುಚಿ ಅಷ್ಟಕ್ಕಷ್ಟೆ, ಒಯ್ಯಬೇಡಿ. ರೂಟ್ ಬಿಯರ್ ಎಂಬ ತಂಪು ಪಾನೀಯ ಭಾರ, ಮೇಲಾಗಿ ಅದರ ವಿಂಟರ್‌ಗ್ರೀನ್ ಘಮ ಹೊಸಬರಿಗೆ ನೋವಿನ ಮುಲಾಮನ್ನು ನೆನಪಿಸುತ್ತದೆ. ಗೆಳೆಯರು ಅಮೆರಿಕಕ್ಕೆ ಬಂದಾಗ ವೆನಿಲ್ಲಾ ಐಸ್‌ಕ್ರೀಮ್ ತೇಲಿಸಿ ಕುಡಿಸಿದರಾಯಿತು.

ಹೊರಡುವ ಮುನ್ನ ಎರಡು ಮಾತು. ಕಡಲೆಕಾಯಿ ಯಾರಿಗಾದರೂ ಅಲರ್ಜಿಯೇ ಎಂದು ಆ ಮನೆಯವರನ್ನು ಕೇಳಿ. ಬೀಫ್ ಜರ್ಕಿ (ಒಣಗಿಸಿದ ಗೋಮಾಂಸ) ಎಷ್ಟೇ ಇಷ್ಟವಿದ್ದರೂ ಚೀಲಕ್ಕೆ ಹಾಕಬೇಡಿ. ಹೊರದೇಶಗಳ ಪ್ರಯಾಣಿಕರು ಮಾಂಸದ, ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಚಾಕೊಲೇಟು, ಬಿಸ್ಕತ್ತುಗಳಿಗೆ ಆ ತಡೆಯಿಲ್ಲ.